ಆರೈಕೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

2025ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಜನ ದಿಗಿಲುಗೊಂಡರು. ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲು ಬೆಳೆಯಿತು. ಸರಕಾರ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂಥ ಹಳೆಯ ಕಾರಣಗಳೇ ಎದ್ದು ಕಂಡವು.

ಇವು ದೂರದ ನಗರದಲ್ಲಿ ಮಾತ್ರ ಪತ್ತೆಯಾಗುವ ಕಾಯಿಲೆಗಳಲ್ಲ. ಬೇಲೂರು, ಅರಸೀಕೆರೆ, ಹಳೇಬೀಡುಗಳಲ್ಲೇ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಬಹುದು. ಕೊರತೆಯಿರುವುದು ಕೊಂಡಿಗಳಲ್ಲಿ. ಆಶಾ ಕಾರ್ಯಕರ್ತೆ ಗುರುತಿಸಿದ ರೋಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಬೇಕು; ಅಗತ್ಯವಿದ್ದರೆ ತಾಲೂಕು ಆಸ್ಪತ್ರೆಗೆ, ಹಾಸನಕ್ಕೆ ಹೋಗಬೇಕು; ಅಲ್ಲಿಂದ ಚೀಟಿಯೊಂದಿಗೆ ಊರಿನ ವೈದ್ಯರ ಬಳಿಗೇ ಮರಳಬೇಕು. ಈ ಸರಪಳಿ ಕಡಿದಲ್ಲಿ ರೋಗಿ ಪ್ರತಿ ವೈದ್ಯರ ಮುಂದೆಯೂ ಹೊಸಬನಾಗುತ್ತಾನೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲೇ ತಪಾಸಣೆ ನಡೆಸಲು ಹೊರಟಿದ್ದೂ ಇದೇ ಕಾರಣಕ್ಕೆ.

ಇದರಿಂದ ಆಸ್ಪತ್ರೆ ಸೇರುವವರ ಸಂಖ್ಯೆ, ವೆಚ್ಚ ಇಳಿಯುತ್ತದೆಯೇ? ಆಡಳಿತಗಾರರ ಮೊದಲ ಪ್ರಶ್ನೆ ಇದು. ಉತ್ತರ ನಾವು ಬಯಸಿದಷ್ಟು ಸುಲಭವಾಗಿಲ್ಲ. ಪದೇ ಪದೇ ಆಸ್ಪತ್ರೆ ಸೇರುತ್ತಿದ್ದ 800 ರೋಗಿಗಳ ಮೇಲೆ ಅಮೆರಿಕದ ಕ್ಯಾಮ್ಡೆನ್ ನಗರದಲ್ಲಿ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಯ ಮನೆಗೆ ದಾದಿಯರು, ಸಮಾಜ ಕಾರ್ಯಕರ್ತರು ಹೋಗಿ ನೋಡಿಕೊಂಡರು. ಉಳಿದವರಿಗೆ ಎಂದಿನ ಚಿಕಿತ್ಸೆಯಷ್ಟೇ. ಆರು ತಿಂಗಳಲ್ಲಿ ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 62 ಮಂದಿ ಮತ್ತೆ ದಾಖಲಾಗಿದ್ದರು. ದಾಖಲಾತಿ ಮೊದಲಿಗಿಂತ ಇಳಿದಿತ್ತು ನಿಜ, ಆದರೆ ಎರಡೂ ಕಡೆ ಒಂದೇ ಬಗೆಯಲ್ಲಿ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಕೀರ್ತಿಯೆಲ್ಲ ಯೋಜನೆಗೆ ಸಲ್ಲುತ್ತಿತ್ತು.

ಹಾಗಾದರೆ ಇಂಥ ಆರೈಕೆ ವ್ಯರ್ಥವೇ? ಇಲ್ಲಿ ಅಳೆಯುವ ಕೋಲನ್ನೇ ಪರೀಕ್ಷಿಸಬೇಕಾಗುತ್ತದೆ. ಹಳೇಬೀಡಿನ ಹಳ್ಳಿಯೊಂದರ ಮಹಿಳೆಗೆ ಎದೆನೋವು ಬಂದು, ಇ.ಸಿ.ಜಿ.ಯಲ್ಲಿ ತೊಂದರೆ ಗೊತ್ತಾಗಿ, ಸಕಾಲದಲ್ಲಿ ಹಾಸನಕ್ಕೆ ಸೇರಿಸಿದರೆನ್ನಿ. ದಾಖಲಾತಿ ಒಂದು ಹೆಚ್ಚಿತು. ಅರಸೀಕೆರೆಯ ಕೂಲಿಕಾರನೊಬ್ಬ ಖರ್ಚಿಗೆ ಹೆದರಿ ನೋವು ನುಂಗಿ ಮನೆಯಲ್ಲೇ ಉಳಿದನೆನ್ನಿ. ಲೆಕ್ಕದಲ್ಲಿ ಒಂದು ಉಳಿತಾಯ! ಯಾವುದು ಯಶಸ್ಸು?

ವೆಚ್ಚದ ಮಾತೂ ಅಷ್ಟೇ. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡಿಸುತ್ತದೆ. ಅದು ದೊಡ್ಡ ಆಸರೆ. ಆದರೆ ಬಸ್ ಚಾರ್ಜು, ತಪ್ಪಿದ ಕೂಲಿ, ಅಂಗಡಿಯಲ್ಲಿ ಕೊಂಡ ಗುಳಿಗೆ, ಅಡವಿಟ್ಟ ಒಡವೆ ಯಾವ ಕಡತಕ್ಕೂ ಸೇರುವುದಿಲ್ಲ. ಸರಕಾರದ ಖರ್ಚು ಇಳಿದು ಮನೆಯ ಖರ್ಚು ಏರಿದರೆ ಅದನ್ನು ಉಳಿತಾಯ ಎನ್ನಬಹುದೇ?

ಲೆಕ್ಕವೇ ಬೇಡವೆಂದಲ್ಲ. ಸಾರ್ವಜನಿಕ ಹಣ ಒಂದೆಡೆ ಪೋಲಾದರೆ ಇನ್ನೊಬ್ಬ ರೋಗಿಯ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಲೆಕ್ಕ ಕೇಳುವುದೂ ನ್ಯಾಯವೇ. ಆದರೆ ಎಷ್ಟು ಜನರ ರಕ್ತದೊತ್ತಡ ಹತೋಟಿಗೆ ಬಂತು, ಆಸ್ಪತ್ರೆಯಿಂದ ಮರಳಿದವರನ್ನು ಯಾರು ವಿಚಾರಿಸಿದರು, ತಪ್ಪಿಸಬಹುದಾಗಿದ್ದ ದಾಖಲಾತಿ ಎಷ್ಟು, ಕುಟುಂಬ ಎಷ್ಟು ಸಾಲ ಮಾಡಿತು ಎಂಬುದನ್ನೂ ಎಣಿಸಬೇಕು. ಯೋಜನೆ ತಲುಪದ ಊರಿನೊಂದಿಗೆ ಹೋಲಿಸಬೇಕು. ಹಣ ಉಳಿಯುತ್ತದೆಂಬ ಒಂದೇ ಭರವಸೆಯ ಮೇಲೆ ನಿಂತ ಯೋಜನೆಯನ್ನು, ಹಣ ಉಳಿಯದ ವರ್ಷ ಯಾರು ಬೇಕಾದರೂ ನಿಲ್ಲಿಸಬಹುದು. ರೋಗಿಯನ್ನು ನಡುದಾರಿಯಲ್ಲಿ ಕೈಬಿಡಬಾರದೆಂಬ ಹೊಣೆಯ ಮೇಲೆ ನಿಂತದ್ದನ್ನು ನಿಲ್ಲಿಸಲು ಮಾತ್ರ ಬೇರೆ ಕಾರಣ ಹುಡುಕಬೇಕಾಗುತ್ತದೆ.