ಆ ಎರಡು ನಿಮಿಷ ಯಾರದು?

ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಭಾಲ್ಕಿಯಿಂದ ಬೀದರ್‌ಗೆ ಬೈಕಿನಲ್ಲಿ ಬರುತ್ತಿದ್ದೆ. ಕಾಲೇಜಿಗೆ ತಡವಾಗಿತ್ತು. ಬಸ್ ನಿಲ್ದಾಣದ ಸಮೀಪ, ನಿಂತಿದ್ದ ಆಟೊದ ಮರೆಯಿಂದ ವಯಸ್ಸಾದ ಹೆಣ್ಣುಮಗಳೊಬ್ಬಳು ಕೈಚೀಲ ಹಿಡಿದು ರಸ್ತೆಗಿಳಿದಳು. ಬ್ರೇಕ್ ಒತ್ತಿದೆ. ಬೈಕು ಓರೆಯಾಗಿ ಜಾರಿ ಅವಳ ಸೀರೆಗೆ ತಾಗಿ ನಿಂತಿತು. ಚೀಲ ಬಿದ್ದು, ರೊಟ್ಟಿಯ ಗಂಟು ಹೊರಗೆ ಬಂತು. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಅವಳು ಕೈಮುಗಿದಳು: "ತಪ್ಪು ನಂದೇ ಅದಾ ಯಪ್ಪಾ, ನಾ ನೋಡಲಿಲ್ಲ."

"ನೋಡಿ ದಾಟಬೇಕಲ್ಲಾ ಆಯಿ" ಎಂದು ಬುದ್ಧಿ ಹೇಳಿ ಹೊರಟೆ. ಕಾಲೇಜಿನಲ್ಲಿ ಸಂಗತಿ ಹೇಳಿದಾಗ ಎಲ್ಲರೂ ನನ್ನ ಪರವಾಗಿಯೇ ಮಾತಾಡಿದರು: ಹಳ್ಳಿಯವರಿಗೆ ರಸ್ತೆ ದಾಟಲು ಬರುವುದಿಲ್ಲ, ನಿನ್ನ ನಸೀಬು ಚೆನ್ನಾಗಿತ್ತು. ಒಂದು ಮಾತನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಆ ಗಳಿಗೆಯಲ್ಲಿ ನನ್ನ ಬೈಕಿನ ಮುಳ್ಳು 60ರ ಹತ್ತಿರವಿತ್ತು.

ಅವಳು ಕೇಳಿದ ಕ್ಷಮೆಯನ್ನು ನಾನು ಸ್ವೀಕರಿಸಿದ್ದು ಸರಿಯೆ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಲೆಕ್ಕ ಹಾಕಿ ನೋಡಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣು ಕಂಡದ್ದನ್ನು ಕೈಕಾಲು ತಿಳಿಯಲು ಒಂದು ಸೆಕೆಂಡು ಬೇಕೆಂದರೂ ಬ್ರೇಕ್ ಹಿಡಿಯುವಷ್ಟರಲ್ಲಿ 17 ಮೀಟರ್ ಕಳೆದಿರುತ್ತದೆ. 30ರ ವೇಗದಲ್ಲಿ ಅದು 8 ಮೀಟರ್ ಚಿಲ್ಲರೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಊರೊಳಗಿನ ಎರಡು ಕಿಲೋಮೀಟರನ್ನು 30ರಲ್ಲಿ ಬಂದರೆ ನಾಲ್ಕು ನಿಮಿಷ, 60ರಲ್ಲಿ ಬಂದರೆ ಎರಡು ನಿಮಿಷ. ಅಂದರೆ ಅಂದು ನಾನು ಉಳಿಸಿದ್ದು ಎರಡು ನಿಮಿಷ. ಅದರ ಬೆಲೆಯನ್ನು ನಾನು ಕೊಡಲಿಲ್ಲ. ರೊಟ್ಟಿ ಗಂಟು ಹಿಡಿದಿದ್ದ ಆ ಆಯಿಯ ಮೈಮೇಲೆ ಅವಳನ್ನು ಕೇಳದೆ ಸಾಲ ಎತ್ತಿದ್ದೆ.

ಅವಳೂ ನೋಡದೆ ಇಳಿದಳಲ್ಲ ಎಂದು ಕೇಳಬಹುದು. ನಿಜ, ಇಬ್ಬರೂ ತಪ್ಪಿದೆವು. ಆದರೆ ಇಬ್ಬರ ತಪ್ಪೂ ಒಂದೇ ತೂಕದ್ದಲ್ಲ. ಅವಳು ತಪ್ಪಿದರೆ ಸಾಯುವವಳು ಅವಳು. ನಾನು ತಪ್ಪಿದರೂ ಮೊದಲು ಸಾಯುವವಳು ಅವಳೇ. ಯಾರ ಕೈಯಲ್ಲಿ ಇನ್ನೊಬ್ಬರನ್ನು ಕೊಲ್ಲುವ ಶಕ್ತಿ ಇದೆಯೋ ಅವರ ಎಚ್ಚರಿಕೆಯ ಹೊಣೆಯೂ ಅಷ್ಟೇ ದೊಡ್ಡದಾಗಿರಬೇಕು. ನಮ್ಮ ರಸ್ತೆಗಳಲ್ಲಿ ಇದು ತಲೆಕೆಳಗಾಗಿದೆ. ಹಾರ್ನ್ ಹೊಡೆಯುವವನು ಯಜಮಾನ, ಓಡಿ ಸರಿಯಬೇಕಾದವನು ಅಪರಾಧಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು ಐವರಿಗೊಬ್ಬರು ಕಾಲ್ನಡಿಗೆಯವರು.

1997ರಲ್ಲಿ ಸ್ವೀಡನ್ನಿನ ಸಂಸತ್ತು ಒಂದು ನೀತಿ ಒಪ್ಪಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ. ಆ ತಪ್ಪಿಗೆ ಮರಣದಂಡನೆ ಆಗದಂತೆ ರಸ್ತೆಯನ್ನು ಕಟ್ಟಬೇಕು ಎಂಬುದು ಅದರ ಸಾರ. ಇದನ್ನು ಓದಿದಾಗ ಒಂದು ಕ್ಷಣ ಹಗುರಾದೆ. ತಪ್ಪು ನನ್ನದೂ ಅಲ್ಲ, ಅವಳದೂ ಅಲ್ಲ, ರಸ್ತೆಯದು! ಆದರೆ ಆ ಹಗುರತನ ಉಳಿಯಲಿಲ್ಲ. ಅಗಲವಾದ, ನುಣುಪಾದ, ಅಡ್ಡಿಯಿಲ್ಲದ ರಸ್ತೆ ಬೇಕೆಂದು ಕೇಳುತ್ತ ಬಂದವರಲ್ಲಿ ನಾನೂ ಒಬ್ಬ. ಹಂಪ್ ಹಾಕಿದಾಗ ಗೊಣಗಿದವನೂ ನಾನೇ.

ನಮ್ಮ ಜಿಲ್ಲೆಗೆ ಬಂದ ಯೋಜನೆಗಳ ಬಗ್ಗೆ ನನಗೆ ಸಂತೋಷವೇ ಇದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. 2020ರಲ್ಲಿ ವಿಮಾನ ಹಾರಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಆದರೆ ಬಸ್ಸಿಳಿದ ಮೇಲಿನ ಇನ್ನೂರು ಹೆಜ್ಜೆ ಯಾವ ಯೋಜನೆಗೆ ಸೇರಿದ್ದು? ಉದ್ಘಾಟನೆಯ ಫಲಕ ಹಾಕಲಾಗದಷ್ಟು ಚಿಕ್ಕ ದೂರ ಅದು. ಔರಾದ್ ಪಟ್ಟಣಕ್ಕೆ ರೈಲಿಲ್ಲ. ಮಾಂಜ್ರಾ ನದಿ ದಾಟಿ ಅಲ್ಲಿಂದ ಬರುವ ನನ್ನ ವಿದ್ಯಾರ್ಥಿಗಳು ಬಸ್ ತಪ್ಪಿದರೆ ಜೀಪಿನ ಹಿಂದೆ ಜೋತುಬೀಳುತ್ತಾರೆ. ಅವರಿಗೆ ರಸ್ತೆ ಸುರಕ್ಷತೆಯ ಭಾಷಣ ಮಾಡಿದ್ದೇನೆ. ಭಾಷಣ ಮುಗಿದ ಮೇಲೆ ಒಬ್ಬ ಕೇಳಿದ: "ಸರ್, ಜೋತುಬೀಳದೆ ಬರೋ ದಾರಿ ಹೇಳ್ರಿ." ಬೇರೆ ದಾರಿಯಿಲ್ಲದವನನ್ನು ನಿಯಮ ಮೀರಿದವನೆಂದು ಕರೆಯುವುದು ಸುಲಭ. ನನಗಾದರೋ ದಾರಿಯಿತ್ತು. ಹತ್ತು ನಿಮಿಷ ಮೊದಲು ಮನೆ ಬಿಟ್ಟಿದ್ದರೆ ಸಾಕಿತ್ತು.

ಬೀದರ್‌ನ ಹಳೆಯ ಊರಿನಲ್ಲಿ, ಚೌಬಾರಾದ ದುಂಡು ಗೋಪುರದ ಸುತ್ತ, ಯಾರೂ 60ರಲ್ಲಿ ಹೋಗಲಾರರು. ತಳ್ಳುಗಾಡಿ, ಬುರ್ಖಾ ಹಾಕಿದ ತಾಯಂದಿರು, ಶಾಲೆಯ ಮಕ್ಕಳು ಎಲ್ಲರ ನಡುವೆ ಬೈಕು ತಾನಾಗಿಯೇ ನಡಿಗೆಯ ವೇಗಕ್ಕೆ ಇಳಿಯುತ್ತದೆ. 1472ರಲ್ಲಿ ಮಹಮೂದ್ ಗವಾನನ ಮದರಸಾ ಎದ್ದಾಗ ಆ ಬೀದಿಗಳಲ್ಲಿ ನಡೆದವರ ಹೆಜ್ಜೆಯ ಅಳತೆ ಇನ್ನೂ ಅಲ್ಲಿದೆ. ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಆ ಗಲ್ಲಿಗಳಲ್ಲಿ ಆಂಬುಲೆನ್ಸ್ ಸಿಕ್ಕಿಬೀಳುತ್ತದೆ. ಆದರೆ ಅಲ್ಲಿ ಮುದುಕಿಯೊಬ್ಬಳು ಯಾರಿಗೂ ಕೈಮುಗಿಯದೆ ರಸ್ತೆ ದಾಟುತ್ತಾಳೆ.

ಈಗ ಊರು ಬಂದೊಡನೆ ಬೈಕನ್ನು 30ಕ್ಕೆ ಇಳಿಸುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಕೆಲವರು ಪಕ್ಕದಲ್ಲಿ ಬಂದು ನೋಡಿ ಬೈದು ಹೋಗುತ್ತಾರೆ. ತಡವಾದ ದಿನ ಕೈ ಮತ್ತೆ ತಿರುವಲು ಹೋಗುವುದೂ ಉಂಟು. ಬಸ್ ನಿಲ್ದಾಣದ ಹತ್ತಿರ ಆ ಆಯಿಗಾಗಿ ಕಣ್ಣು ಹುಡುಕುತ್ತದೆ. ಸಿಕ್ಕರೆ ಅವಳ ಕ್ಷಮೆಯನ್ನು ಹಿಂದಿರುಗಿಸಬೇಕು. ಇನ್ನೂ ಸಿಕ್ಕಿಲ್ಲ. ರಸ್ತೆ ದಾಟಲು ನಿಂತ ಬೇರೆಯವರು ಸಿಗುತ್ತಾರೆ; ಅವರಿಗಾಗಿ ನಿಲ್ಲುತ್ತೇನೆ. ಹಲವರು ನನ್ನನ್ನು ನಂಬದೆ, ನಾನೇ ಮೊದಲು ಹೋಗಲೆಂದು ಕೈಸನ್ನೆ ಮಾಡುತ್ತಾರೆ.