ಮಲ್ಲಯ್ಯನ ಆಣೆ, ಸುರಪುರದ ಚಾ

ದೇವರ ಮೇಲೆ ಆಣೆ ಮಾಡಿ ನಾನು ಕುಡಿತ ಬಿಟ್ಟದ್ದು ಮೂರು ಸಲ. ಮೊದಲನೆಯದು ಶಹಾಪುರದ ಚರಬಸವೇಶ್ವರ ಗದ್ದುಗೆ ಮುಟ್ಟಿ. ಹದಿನೇಳು ದಿನ ನಡೆಯಿತು. ಎರಡನೆಯದು ತಿಂಥಣಿಯಲ್ಲಿ, ಕೃಷ್ಣೆಯಲ್ಲಿ ಮುಳುಗೆದ್ದು ಮೌನೇಶ್ವರನ ಎದುರು. ಅದು ಶ್ರಾವಣ ಮಾಸವಾದ್ದರಿಂದ ತಿಂಗಳು ಬಾಳಿತು. ಶ್ರಾವಣದಲ್ಲಿ ಬಿಡುವುದು ನಮ್ಮ ಕಡೆ ದೊಡ್ಡ ಮಾತಲ್ಲ. ಬಿಟ್ಟವರೆಲ್ಲ ಅಮಾವಾಸ್ಯೆ ಯಾವಾಗ ದಾಟೀತೆಂದು ಕಾಯುತ್ತಿರುತ್ತಾರೆ.

ಮೂರನೆಯದು ಯಾದಗಿರಿ ಹತ್ತಿರದ ಮೈಲಾಪುರದಲ್ಲಿ, ಸಂಕ್ರಾಂತಿ ಜಾತ್ರೆಯ ಭಂಡಾರದ ಧೂಳಿನಲ್ಲಿ, ಮಲ್ಲಯ್ಯನ ಎದುರು. ಈ ಸಲ ಸುಳ್ಳಿರಲಿಲ್ಲ. ಅಂದಿನಿಂದಲೇ ಒಂದು ಹನಿಯೂ ಮುಟ್ಟಲಿಲ್ಲ. ಮೂರನೇ ದಿನ ಕೈ ಎಷ್ಟು ನಡುಗಿತೆಂದರೆ ಚರಗಿ ಹಿಡಿಯಲಾಗಲಿಲ್ಲ. ಸಂಜೆಗೆ ಗೋಡೆಯ ತುಂಬ ಕೆಂಪಿರುವೆ ಹರಿದಾಡತೊಡಗಿದವು, ನನಗೊಬ್ಬನಿಗೇ ಕಾಣುವ ಇರುವೆ. ಅವ್ವ ‘ಮಲ್ಲಯ್ಯ ಮುನಿದಾನ’ ಎಂದು ಹಣೆಗೆ ಭಂಡಾರ ಬಳಿದಳು. ಭಾವ ಮಾತ್ರ ಟಂಟಂ ಕರೆಸಿ ದವಾಖಾನೆಗೆ ಒಯ್ದ.

ಡಾಕ್ಟರು ಬಿಡಿಸಿ ಹೇಳಿದರು: ವರ್ಷಗಟ್ಟಲೆ ದಿನವೂ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನದೊಳಗೆ ನಡುಕ, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಔಷಧಿ ಕೊಟ್ಟು, ಬಿ1 ಜೀವಸತ್ವದ ಇಂಜೆಕ್ಷನ್ ಹಾಕಿ ಇಳಿಸಬೇಕು. ನನ್ನ ಮೂರೂ ಆಣೆಗಳಲ್ಲಿ ಪ್ರಾಮಾಣಿಕವಾದದ್ದೇ ನನ್ನನ್ನು ಕೊಲ್ಲಲು ಹೊರಟಿತ್ತು!

ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ಯಾವ ವಿಚಾರವಾದರೂ ಖಾತೆಯಾಗಿಯೇ ತಲೆಗೆ ಬರುತ್ತದೆ. ಆಣೆಯೆಂದರೆ ದೇವರನ್ನು ಜಾಮೀನು ಹಾಕಿ ಬರೆದ ಸಾಲಪತ್ರ. ಇಡೀ ಆಯುಷ್ಯವನ್ನು ಒಂದೇ ಸಹಿಯಲ್ಲಿ ಬರೆದುಕೊಟ್ಟೆ. ಜಮಾ ಕಡೆ ನಾಳಿನ ಒಂದು ದಿನವೂ ಇರಲಿಲ್ಲ. ಪತ್ರ ಸುಳ್ಳಾದ ಮೇಲೆ ಗುಡಿಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿ ಹಿಡಿದೆ. ಆ ಓಣಿಯಲ್ಲೇ ವೈನ್‌ಶಾಪು. ಸರ್ಕಾರವೂ ಒಮ್ಮೆ ನಿಲ್ಲಿಸಿ ನೋಡಿತ್ತೆನ್ನಿ: 2007ರ ಜುಲೈ 1ರಿಂದ ಸಾರಾಯಿ ಬಂದಾಯಿತು, ನಾನು ಪಾಕೀಟು ಬಿಟ್ಟು ಕ್ವಾರ್ಟರ್ ಹಿಡಿದೆ.

ದವಾಖಾನೆಯಿಂದ ಬಂದ ಮೇಲೆ ಭಾವನೇ ಸುದ್ದಿ ತಂದ. ಧರ್ಮಸ್ಥಳದವರ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿದವರು ಆಮೇಲೆ ಊರೂರಲ್ಲಿ ನವಜೀವನ ಸಮಿತಿ ಮಾಡಿಕೊಂಡು ಕೂಡುತ್ತಾರಲ್ಲ, ಅಂಥವರು ಕೆಲವರು ಸುರಪುರದಲ್ಲಿದ್ದಾರಂತೆ. ಸುರಪುರವೇ ಆಗಲಿ ಎಂದೆ. ನಮ್ಮ ಶಹಾಪುರದಲ್ಲಿ ‘ಯಾರ ಪೈಕಿ’ ಎಂದು ಕೇಳದೆ ಯಾರೂ ಪಕ್ಕಕ್ಕೆ ಕೂಡಿಸಿಕೊಳ್ಳುವುದಿಲ್ಲ. ಹತ್ತಿಗೂಡೂರ ದಾಟಿ ಬಸ್ಸಿಳಿದು, ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೆ ಹೋದರೆ ಎದುರಿಗೇ ನಮ್ಮ ಅಂಗಡಿಗೆ ತೊಗರಿ ಹಾಕುವ ರೈತ. ‘ಗುಮಾಸ್ತರು ಬಂದ್ರೇನ್ರಿ? ಕುಂದರ್ರಿ, ಚಾ ಬರ್ತದ’ ಎಂದ. ಹೆಸರು ಮುಚ್ಚಿಕೊಳ್ಳುವ ವ್ರತ ಅಲ್ಲಿಗೆ ಮುಗಿಯಿತು.

ಏಳು ಜನ, ಒಂದು ಜಮಖಾನೆ. ಆಣೆ ಮಾಡಿಸುತ್ತಾರೆಂದು ಕಾದೆ, ಯಾರೂ ಕೇಳಲಿಲ್ಲ. ಒಬ್ಬ ಹೆಂಡತಿಯ ಬೋರಮಾಳ ಒತ್ತೆ ಇಟ್ಟದ್ದು ಹೇಳಿದ, ಇನ್ನೊಬ್ಬ ಮಗಳ ನಿಶ್ಚಯದ ದಿನ ಬಿದ್ದದ್ದು. ನನ್ನ ಸರದಿ ಬಂದಾಗ ಇರುವೆ ಕಥೆ ಹೇಳಿದೆ. ಮೂವರು ನಕ್ಕರು, ಅವರಿಗೂ ಕಂಡಿದ್ದವಂತೆ, ಒಬ್ಬನಿಗೆ ಇರುವೆಯಲ್ಲ, ಹಾವು. ಅವ್ವನಿಗೂ ಹೇಳಲಾಗದ್ದನ್ನು ಹೇಳಿ ನಗಿಸಿಕೊಂಡು ಬಂದ ಆ ರಾತ್ರಿ ನಿದ್ದೆ ಹತ್ತಿತು.

ಹಾಗಾದರೆ ನನ್ನನ್ನು ಹಿಡಿದದ್ದು ಯಾರು? ಮಲ್ಲಯ್ಯನೋ, ಈ ಏಳು ಜನರೋ? 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಡಾಕ್ಟರು, ಇಬ್ಬರೂ ಕುಡುಕರೇ, ಎದುರುಬದುರು ಕೂತು ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನವರು ನಿನಗಿಂತ ದೊಡ್ಡದೊಂದು ಶಕ್ತಿಗೆ ಒಪ್ಪಿಸಿಕೋ ಅನ್ನುತ್ತಾರೆ. ಅದು ಯಾವುದೆನ್ನುವುದನ್ನು ಅವರವರಿಗೇ ಬಿಡುತ್ತಾರೆ. ನನ್ನ ಕೈಲಾಗದು ಎಂದು ಒಪ್ಪುವುದು ಮೊದಮೊದಲು ನನಗೆ ಹೇಡಿತನವಾಗಿ ಕಂಡಿತ್ತು. ಇಳಕಲ್ಲಿನ ಮಹಾಂತ ಸ್ವಾಮಿಗಳು ಇದನ್ನೇ ತಿರುಗಿಸಿ ಹಿಡಿದವರು. ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು-ಕಾಸಲ್ಲ, ನಿಮ್ಮ ಚಟವನ್ನು ಭಿಕ್ಷೆ ಹಾಕಿರೆಂದು ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದ ವ್ಯಸನಮುಕ್ತ ದಿನ. ಕುಡುಕನ ಮುಂದೆ ಸ್ವಾಮಿ ಕೈಯೊಡ್ಡುವುದು, ಬೇಡಿ ಬೇಡಿ ಹೀನನಾದವನು ಒಂದು ಗಳಿಗೆ ದಾನಿಯಾಗುವುದು! ಯಾರೂ ಅವನನ್ನು ಜಾಮೀನು ಕೇಳುವುದಿಲ್ಲ.

ಮಲ್ಲಯ್ಯನನ್ನು ನಾನು ಬಿಟ್ಟಿಲ್ಲ. ಈಗಲೂ ಸಂಕ್ರಾಂತಿಗೆ ಹೋಗುತ್ತೇನೆ, ಭಂಡಾರ ಹಚ್ಚಿಕೊಂಡು ಬರುತ್ತೇನೆ; ಮಾತು ಮಾತ್ರ ಕೊಡುವುದಿಲ್ಲ. ಆವತ್ತು ಟಂಟಂ ಕಳಿಸಿದವನೂ ಅವನೇ ಎಂದು ಅವ್ವ ವಾದಿಸುತ್ತಾಳೆ. ಭಾವ ಒಪ್ಪುವುದಿಲ್ಲ, ಬಾಡಿಗೆ ಕೊಟ್ಟವನು ಅವನು.

ಹೋದ ವಾರ ಒಬ್ಬ ಹೊಸಬ ಬಂದಿದ್ದ. ಚಾದ ಬಸಿ ಹಿಡಿಯಲಾಗದೆ ಅಂಗಿಗೆಲ್ಲ ಚೆಲ್ಲಿಕೊಂಡ. ನಾನು ಕೆಳಗಿನಿಂದ ಹಿಡಿದೆ. ‘ನಿನ್ನೆ ಬಿಟ್ಟೀನ್ರಿ. ಆಣಿ ಮಾಡ್ಬೇಕೇನ್ರಿ?’ ಎಂದ.

‘ಬ್ಯಾಡ್ರಿ. ಏಳ್ರಿ, ಮೊದಲ ದವಾಖಾನಿಗೆ ಹೋಗೂನು’ ಎಂದು ತೊಗರಿ ರೈತ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.