ಸ್ನಾನ ಮಾಡದಿರುವ ವ್ರತ



ಬಿಸಿನೀರಿನಲ್ಲಿ ಸ್ನಾನ ಮಾಡಿದರೆ ವ್ರತ ಕೆಡುತ್ತದಾ? ಮಂಡಲ ಕಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಪುಣೆಯ ಚಳಿಯಲ್ಲಿ, ನೈಟ್ ಶಿಫ್ಟ್ ಮುಗಿಸಿ ಬಂದು ಬೆಳಗಿನ ಜಾವ ತಣ್ಣೀರು ಸುರಿದುಕೊಳ್ಳುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಜ್ವರ ಬಂದ ಕನ್ನಿಸ್ವಾಮಿಗೂ ವಿನಾಯಿತಿ ಇಲ್ಲ ಅನ್ನುವವರಿದ್ದಾರೆ. ತೀರ್ಪು ಕೊಡಲು ನಾನು ಗುರುಸ್ವಾಮಿ ಅಲ್ಲ. ಆದರೆ ಸ್ನಾನ ಮಾಡದೇ ಇರುವುದನ್ನೇ ವ್ರತವಾಗಿ ಹಿಡಿದವರ ನಿಯಮಗಳನ್ನು ಓದಿದೆ. ಅದನ್ನು ಹಂಚಿಕೊಳ್ಳಬೇಕು ಅನ್ನಿಸಿತು.

ನಮ್ಮ ಟೀಮಿಗೆ ಇಸ್ರೇಲಿನಿಂದಲೂ ಟಿಕೆಟ್ ಬರುತ್ತವೆ. ವರ್ಷದಲ್ಲಿ ಒಂದು ದಿನ ಒಂದೂ ಬರುವುದಿಲ್ಲ. ಅದು ಯೋಮ್ ಕಿಪ್ಪುರ್, ಯಹೂದಿಗಳ ಪ್ರಾಯಶ್ಚಿತ್ತದ ದಿನ. (ಪುಣೆ ಕ್ಯಾಂಪಿನ ಲಾಲ್ ದೇವೂಳ್ ನೋಡಿದ್ದೀರಲ್ಲ, ಅದು ಅವರದೇ ಪ್ರಾರ್ಥನಾ ಮಂದಿರ.) ಹಿಂದಿನ ಸಂಜೆಯಿಂದ ಸುಮಾರು 25 ಗಂಟೆ ಊಟವಿಲ್ಲ, ನೀರೂ ಇಲ್ಲ. ಮೈಗೆ ಎಣ್ಣೆ ಹಚ್ಚುವಂತಿಲ್ಲ, ಚರ್ಮದ ಚಪ್ಪಲಿ ಹಾಕುವಂತಿಲ್ಲ, ಗಂಡ ಹೆಂಡತಿ ಕೂಡುವಂತಿಲ್ಲ. ಇಲ್ಲಿಯವರೆಗೆ ನಮಗೆ ಹೊಸದೇನೂ ಇಲ್ಲ. ಇದೇ ಪಟ್ಟಿಯಲ್ಲಿ ಸ್ನಾನವೂ ಇದೆ. ಮೈ ತೊಳೆಯುವಂತಿಲ್ಲ, ಬಿಸಿನೀರಾಗಲಿ ತಣ್ಣೀರಾಗಲಿ.

ಹಾಗಂತ ನೀರು ಮುಟ್ಟಿದರೇ ತಪ್ಪು ಅಂತಲ್ಲ. ಅವರು ಬಿಟ್ಟಿರುವುದು ಸುಖಕ್ಕಾಗಿ ತೊಳೆಯುವುದನ್ನು. ಕೈಗೆ ಕೆಸರು ಮೆತ್ತಿದರೆ ಆ ಜಾಗವನ್ನು ತೊಳೆಯಬಹುದು. ರೋಗಿ ಎಂದಿನಂತೆ ತೊಳೆದುಕೊಳ್ಳಬಹುದು. ತಂದೆಯನ್ನೋ ಗುರುವನ್ನೋ ಕಾಣಲು ಹೋಗುವಾಗ ನೀರು ಅಡ್ಡ ಬಂದರೆ ಕುತ್ತಿಗೆಮಟ್ಟದ ನೀರಿನಲ್ಲೂ ದಾಟಿ ಹೋಗಬಹುದು. ಬೆಳಗ್ಗೆ ಎದ್ದು ಕೈ ತೊಳೆಯುವುದು ಮಾತ್ರ ಬೆರಳುಗಳ ಬುಡದವರೆಗೆ. ಈ ಬೆರಳಿನ ಅಳತೆ ನನಗೆ ಬಹಳ ಹಿಡಿಸಿತು. ಕೊಳೆಗಾಗಿ ತೊಳೆದೆನೋ ತಂಪಿಗಾಗಿ ತೊಳೆದೆನೋ, ಪಕ್ಕದವನಿಗೆ ಗೊತ್ತಾಗುವುದಿಲ್ಲ. ನಮ್ಮ ಮನಸ್ಸು ಎಂಥ ಚಾಲಾಕಿ ಅಂದರೆ ನಮಗೇ ಸುಳ್ಳು ಹೇಳುತ್ತದೆ. ಬೆರಳಿಗೆ ಮಿತಿ ಹಾಕಿದರೆ ಅದರ ಆಟ ಅಷ್ಟರಮಟ್ಟಿಗೆ ನಿಲ್ಲುತ್ತದೆ.

ಇನ್ನೊಂದು ವಿಷಯ ಕೇಳಿ. ಜೆರುಸಲೇಮಿನಲ್ಲಿ ಅವರ ದೇವಾಲಯ ಇದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 70ಕ್ಕೂ ಮೊದಲು, ಜನ ಸ್ನಾನ ಬಿಟ್ಟ ಅದೇ ದಿನ ಪ್ರಧಾನ ಅರ್ಚಕ ಐದು ಸಲ ಮುಳುಗು ಹಾಕಬೇಕಿತ್ತು, ಕೈಕಾಲನ್ನು ಹತ್ತು ಸಲ ತೊಳೆಯಬೇಕಿತ್ತು. ಜನರ ಪಾಲಿಗೆ ಸ್ನಾನ ಮೈಯ ಸುಖ, ಆದ್ದರಿಂದ ಬಿಡಬೇಕು. ಅರ್ಚಕನ ಪಾಲಿಗೆ ಅದು ಗರ್ಭಗುಡಿಗೆ ಹೋಗುವ ಸಿದ್ಧತೆ, ಆದ್ದರಿಂದ ಮಾಡಲೇಬೇಕು. ನಮ್ಮ ಎರಡು ಹೊತ್ತಿನ ಸ್ನಾನ ಈ ಎರಡನೆಯ ಜಾತಿಯದು ಅಂತ ನನ್ನ ಲೆಕ್ಕ.

ಆ ಅರ್ಚಕ ಮುದುಕನಾಗಿದ್ದರೆ, ಚಳಿ ತಡೆಯದ ಮೈಯವನಾಗಿದ್ದರೆ? ನೀರು ಕಾಯಿಸಿ ತಣ್ಣೀರಿಗೆ ಬೆರೆಸುತ್ತಿದ್ದರು, ಕೊರೆತ ಕಡಿಮೆಯಾಗಲಿ ಅಂತ. ವರ್ಷದ ಅತಿ ಪವಿತ್ರ ದಿನ, ಅತಿ ಪವಿತ್ರ ಜಾಗಕ್ಕೆ ಹೋಗುವವನಿಗೆ! ಮಿಶ್ನಾ ಎಂಬ ಅವರ ಹಳೆಯ ನಿಯಮಗ್ರಂಥದಲ್ಲೇ ಇದು ಬರುತ್ತದೆ.

ತಾಲ್ಮುದ್‌ನಲ್ಲಿ ಶಮ್ಮೈ ಎಂಬ ಹಿರಿಯ ಗುರುವಿನ ಪ್ರಸಂಗವಿದೆ. ತೊಳೆಯದ ಕೈಯಿಂದ ಮಗುವಿಗೆ ಉಣಿಸಿದರೆ ದುಷ್ಟಶಕ್ತಿ ತಾಗುತ್ತದೆ ಅನ್ನುವ ನಂಬಿಕೆ ಆಗ ಇತ್ತು. ಹಾಗಾಗಿ ಉಪವಾಸದ ದಿನವೂ ತಾಯಿ ಒಂದು ಕೈ ತೊಳೆದು ಮಗುವಿಗೆ ರೊಟ್ಟಿ ಕೊಡಬಹುದು ಎಂದಿತ್ತು. ಶಮ್ಮೈ ಬಲು ಕಟ್ಟುನಿಟ್ಟಿನವರು, ಒಂದು ಕೈಯಿಂದ ಉಣಿಸುವುದಕ್ಕೂ ಒಪ್ಪಲಿಲ್ಲ. ಉಳಿದವರು ಅವರನ್ನು ಹೊಗಳಲಿಲ್ಲ. ಎರಡೂ ಕೈಯಿಂದ ಉಣಿಸಬೇಕು ಅಂತ ಆಜ್ಞೆ ಮಾಡಿದರು. ಅವರ ಉಪವಾಸಕ್ಕೆ ಯಾರ ತಕರಾರೂ ಇರಲಿಲ್ಲ. ಅದರ ಭಾರ ಮಗುವಿನ ಮೇಲೆ ಬಿದ್ದದ್ದಕ್ಕೇ ತಕರಾರು.

ನಮ್ಮ ರೂಮುಗಳಲ್ಲಿ ಆಗುವುದೂ ಇದೇ ಅಲ್ಲವಾ? ತಣ್ಣೀರು ಸುರಿದುಕೊಂಡವನು ತನ್ನ ಪಾಡಿಗೆ ಶರಣು ಕೂಗಿದರೆ ಚೆಂದ. ಗೀಸರ್ ಸ್ವಿಚ್ ಕಾಯುತ್ತಾ ಕೂತರೆ ಅದ್ಯಾವ ವ್ರತ ಸ್ವಾಮಿ?

ಮೈ ಗಟ್ಟಿ ಇರುವವರೆಗೆ ನನಗೆ ತಣ್ಣೀರೇ, ಅದರಲ್ಲಿ ರಾಜಿ ಇಲ್ಲ. ಜ್ವರದ ಸ್ವಾಮಿಗೆ ಒಂದು ಬಕೆಟ್ ನೀರು ಕಾಯಿಸಿಕೊಡುವುದರಿಂದ ನನ್ನ ಮಾಲೆಗೇನೂ ಆಗುವುದಿಲ್ಲ ಅನ್ನುವುದು ನನ್ನ ನಂಬಿಕೆ. ನಿಮ್ಮ ಗುರುಸ್ವಾಮಿಗಳನ್ನೂ ಕೇಳಿ, ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ.

ಸ್ವಾಮಿಯೇ ಶರಣಮಯ್ಯಪ್ಪ.